ವಿಕ್ಟೋರಿಯಾ ಯುಗದ ಕಾದಂಬರಿಗಳೂ ಪಾಠಶಾಲೆಯ ಮಕ್ಕಳೂ

ಚಾರ್ಲ್ಸ್ ಡಿಕನ್ಸನು 1854ರಲ್ಲಿ ಬರೆದ ‘ಹಾರ್ಡ್ ಟೈಮ್ಸ್’ ಎಂಬ ಕಾದಂಬರಿಯು ಪಾಠಶಾಲೆಯ ಒಂದು ಕೊಠಡಿಯಲ್ಲಿಯೇ ಆರಂಭವಾಗುತ್ತದೆ. ಗ್ರಾಡ್‌ಗ್ರೈಂಡ್ ಎಂಬ ಮಹಾಶಯನು ಅಲ್ಲಿ ಸಿಸಿ ಎಂಬ ಹುಡುಗಿಯನ್ನು ನಿಲ್ಲಿಸಿ, ಕುದುರೆಯ ಲಕ್ಷಣವನ್ನು ಹೇಳೆಂದು ಕೇಳುತ್ತಾನೆ. ಅವಳ ತಂದೆ ಸರ್ಕಸ್ಸಿನವನು. ಅವಳು ಕುದುರೆಗಳ ನಡುವೆ ಬೆಳೆದವಳು. ಆದರೂ ಆ ಪ್ರಶ್ನೆಗೆ ಅವಳ ಬಾಯಿ ಕಟ್ಟಿಹೋಗುತ್ತದೆ. ಬಿಟ್ಜರ್ ಎಂಬ ಹುಡುಗನಾದರೋ ಎದ್ದುನಿಂತು, ಚತುಷ್ಪಾದಿ, ಹುಲ್ಲು ಮೇಯತಕ್ಕದ್ದು, ಹಲ್ಲುಗಳು 40 ಎಂದು ಗಿಳಿಯಂತೆ ಒಪ್ಪಿಸಿ ಮೆಚ್ಚುಗೆ ಪಡೆಯುತ್ತಾನೆ.

ಆ ಕಾಲದ ಕಾದಂಬರಿಗಳನ್ನು ಹನ್ನೆರಡರಿಂದ ಹದಿನಾರು ವರ್ಷದ ಮಕ್ಕಳಿಗೆ ಬೋಧಿಸುವ ಉಪಾಧ್ಯಾಯರು ಈ ಪ್ರಸಂಗವನ್ನು ಆಗಾಗ ನೆನೆಯುವುದು ಒಳ್ಳೆಯದು. ಇಂಗ್ಲೆಂಡಿನಲ್ಲಿ 2015ರಲ್ಲಿ ಜಾರಿಗೆ ಬಂದ ಪಠ್ಯಕ್ರಮವು, ಹದಿನಾರನೆಯ ವಯಸ್ಸಿನ ಸಾಹಿತ್ಯ ಪರೀಕ್ಷೆಗೆ ಹತ್ತೊಂಬತ್ತನೆಯ ಶತಮಾನದ ಒಂದು ಕಾದಂಬರಿಯನ್ನು ಪೂರ್ಣವಾಗಿ ಓದುವುದನ್ನು ಕಡ್ಡಾಯಮಾಡಿತು. ಉದ್ದೇಶ ಶ್ಲಾಘ್ಯವೇ. ಆದರೆ ಪುಸ್ತಕವನ್ನು ಪರೀಕ್ಷೆಯ ಕೊಠಡಿಗೆ ಒಯ್ಯುವಂತಿಲ್ಲ. ಆದುದರಿಂದ ಶಾಲೆಗಳು ಪುಟ ಕಡಮೆಯಿರುವ ‘ಎ ಕ್ರಿಸ್‌ಮಸ್ ಕೆರೊಲ್’, ‘ಜೆಕಿಲ್ ಅಂಡ್ ಹೈಡ್’ ಇವುಗಳನ್ನೇ ಬಹಳವಾಗಿ ಆರಿಸಿಕೊಂಡವು. ಹುಡುಗರು ವಾಕ್ಯಖಂಡಗಳನ್ನು ಚೀಟಿಗಳಲ್ಲಿ ಬರೆದಿಟ್ಟು ಉರುಹಚ್ಚತೊಡಗಿದರು. ಬಿಟ್ಜರನನ್ನು ಗೇಲಿಮಾಡಿದ ಗ್ರಂಥಕರ್ತನನ್ನು ಬಿಟ್ಜರನ ಮಾರ್ಗದಿಂದಲೇ ಕಲಿಯುವುದೆಂದರೆ ವಿನೋದವಲ್ಲವೆ?

ಹುಡುಗರು ಹೆದರುವುದು ಗ್ರಂಥದ ಗಾತ್ರಕ್ಕೆ. ಆ ಗಾತ್ರವು ಹೇಗೆ ಬಂದಿತೆಂಬುದನ್ನು ತಿಳಿಸಿದರೆ ಅರ್ಧ ಭಯ ನೀಗುತ್ತದೆ. ಈ ಕಾದಂಬರಿಗಳಲ್ಲಿ ಅನೇಕವು ಮೊದಲು ದಪ್ಪ ಪುಸ್ತಕಗಳಾಗಿ ಹೊರಬಂದವುಗಳಲ್ಲ. ‘ಪಿಕ್ವಿಕ್ ಪೇಪರ್ಸ್’ 1836-37ರಲ್ಲಿ ತಿಂಗಳಿಗೊಂದು ಸಂಚಿಕೆಯಂತೆ, ಒಂದು ಷಿಲ್ಲಿಂಗಿಗೆ ಮಾರಾಟವಾಯಿತು. ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ 1860ರ ಡಿಸೆಂಬರಿನಿಂದ 1861ರ ಆಗಸ್ಟಿನವರೆಗೆ ಡಿಕನ್ಸನ ಸ್ವಂತ ವಾರಪತ್ರಿಕೆಯಲ್ಲಿ 36 ಕಂತುಗಳಲ್ಲಿ ಪ್ರಕಟವಾಯಿತು. ಪತ್ರಿಕೆಯ ಬೆಲೆ ಎರಡು ಪೆನ್ಸು. ಚಾರ್ಲ್ಸ್ ಲೀವರ್ ಎಂಬಾತನ ಧಾರಾವಾಹಿಯು ರುಚಿಸದೆ ಪತ್ರಿಕೆಯ ಮಾರಾಟ ಇಳಿಯುತ್ತಿದ್ದುದರಿಂದ, ಡಿಕನ್ಸನು ಅವಸರದಿಂದ ತನ್ನ ಕಥೆಯನ್ನು ನಡುವೆ ತಂದಿಟ್ಟನು. ವಾರವಾರವೂ ಓದುಗರನ್ನು ಹಿಡಿದು ನಿಲ್ಲಿಸಲೇಬೇಕಾದ ಈ ಒತ್ತಾಯದಿಂದಲೇ ಆ ಕಥೆಗೆ ಅಷ್ಟು ವೇಗ ಬಂದಿದೆ.

ಇಂಗ್ಲೆಂಡಿನ ಶಾಲೆಗಳಲ್ಲಿ ವರ್ಷಕ್ಕೆ ಪಾಠ ನಡೆಯುವ ವಾರಗಳು ಸುಮಾರು 38. ಕಂತುಗಳು 36. ವಾರಕ್ಕೊಂದು ಕಂತಿನಂತೆ ಓದಿದರೆ ಗ್ರಂಥವೂ ಮುಗಿಯುತ್ತದೆ, ವರ್ಷವೂ ಮುಗಿಯುತ್ತದೆ. ಮೊದಲನೆಯ ಕಂತಿನಲ್ಲಿ ಇರುವುದು ಎರಡೇ ಅಧ್ಯಾಯ. ತಬ್ಬಲಿ ಹುಡುಗ ಪಿಪ್ಪನು ಸಂಜೆಯ ಚಳಿಯಲ್ಲಿ ತಂದೆತಾಯಿಗಳ ಸಮಾಧಿಯ ಬಳಿ ನಿಂತಿದ್ದಾನೆ. ಪಕ್ಕದಲ್ಲಿ ಸತ್ತುಹೋದ ಐವರು ಸೋದರರ ಪುಟ್ಟ ಕಲ್ಲುಗಳು. ಕಾಲಿಗೆ ಬೇಡಿಯಿರುವ ಕೈದಿಯೊಬ್ಬನು ಹಠಾತ್ತನೆ ಮೇಲೆ ಬಿದ್ದು, ಅರವನ್ನೂ ಆಹಾರವನ್ನೂ ತರದಿದ್ದರೆ ಕೊಂದುಬಿಡುವೆನೆಂದು ಬೆದರಿಸುತ್ತಾನೆ. ಮರುದಿನ ಮುಂಜಾನೆ ಹುಡುಗನು ಅಕ್ಕನ ಮನೆಯಲ್ಲಿಯೇ ಕದ್ದು, ಮಂಜು ಕವಿದ ಜವುಗುನೆಲದ ಕಡೆಗೆ ಓಡುತ್ತಾನೆ. ಕಂತು ಅಲ್ಲಿಗೆ ನಿಲ್ಲುತ್ತದೆ. ಉಪಾಧ್ಯಾಯನೂ ಅಲ್ಲಿಯೇ ಪುಸ್ತಕವನ್ನು ಮುಚ್ಚಲಿ. ಹೆದರಿ ಕದ್ದದ್ದು ಕಳ್ಳತನವೇ ಎಂದು ಮಕ್ಕಳು ಒಂದು ವಾರ ಜಗಳವಾಡಲಿ. ಇದನ್ನು ಬರೆದವನೇ ಹನ್ನೆರಡನೆಯ ವಯಸ್ಸಿನಲ್ಲಿ, 1824ರಲ್ಲಿ, ತಂದೆ ಸಾಲದ ಸೆರೆಮನೆಯಲ್ಲಿದ್ದಾಗ ಬೂಟಿನ ಮಸಿಯ ಕಾರ್ಖಾನೆಯಲ್ಲಿ ಕೂಲಿಮಾಡಿದವನೆಂದು ಹೇಳಿದರೆ, ಅದೇ ವಯಸ್ಸಿನ ಹುಡುಗರಿಗೆ ಬೇರೆ ಪೀಠಿಕೆ ಬೇಕಾಗುವುದಿಲ್ಲ.

ಓದುವುದು ಗಟ್ಟಿಯಾಗಿಯೇ ನಡೆಯಬೇಕು. ಡಿಕನ್ಸನು 1858ರಿಂದ ಊರೂರಿಗೆ ಹೋಗಿ ತನ್ನ ಕೃತಿಗಳನ್ನು ಸಭೆಗಳಲ್ಲಿ ತಾನೇ ವಾಚಿಸುತ್ತಿದ್ದನು. ಕಣ್ಣಿಗೆ ಕಗ್ಗಂಟಾಗಿ ಕಾಣುವ ವಾಕ್ಯವು ಕಿವಿಗೆ ತಾನೇ ಬಿಡಿಸಿಕೊಳ್ಳುತ್ತದೆ. ಗಮಕಿಗಳ ಬಾಯಿಂದ ಕುಮಾರವ್ಯಾಸನನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಂಕ್ಷೇಪ ಪುಸ್ತಕಗಳ ವಿಷಯದಲ್ಲಿ ನನಗೆ ಅಷ್ಟಾಗಿ ಆದರವಿಲ್ಲ. ಅವುಗಳಲ್ಲಿ ಕಥೆ ಉಳಿಯುತ್ತದೆ, ಕವಿ ಹೊರಟುಹೋಗುತ್ತಾನೆ. ಕಾಲ ಸಾಲದಿದ್ದರೆ ಒಂದೆರಡು ಅಧ್ಯಾಯಗಳ ಸಾರವನ್ನು ಬಾಯಲ್ಲಿ ಹೇಳಿ ಮುಂದೆ ಸಾಗುವುದೇ ಲೇಸು.

ಈ ಗ್ರಂಥಗಳ ದೋಷಗಳನ್ನು ಮಕ್ಕಳಿಂದ ಮರೆಮಾಡುವುದೂ ಸಲ್ಲದು. ‘ಆಲಿವರ್ ಟ್ವಿಸ್ಟ್’ನಲ್ಲಿ ಕಳ್ಳರ ಗುರುವಾದ ಫೇಗಿನ್ನನನ್ನು ಹೆಜ್ಜೆಹೆಜ್ಜೆಗೂ ಯೆಹೂದ್ಯನೆಂದೇ ಕರೆಯಲಾಗಿತ್ತು. 1863ರಲ್ಲಿ ಎಲೈಜಾ ಡೇವಿಸ್ ಎಂಬ ಯೆಹೂದ್ಯ ಮಹಿಳೆಯು, ಇದು ತನ್ನ ಜನಕ್ಕೆ ಅನ್ಯಾಯವೆಂದು ಡಿಕನ್ಸನಿಗೆ ಪತ್ರ ಬರೆದಳು. ಮೊದಲು ತನ್ನನ್ನು ಸಮರ್ಥಿಸಿಕೊಂಡ ಆತನು, 1867ರ ಮುದ್ರಣದಲ್ಲಿ ಆ ಮಾತನ್ನು ಅನೇಕ ಕಡೆ ತೆಗೆದುಹಾಕಿದನು. ಓದುಗಳೊಬ್ಬಳು ಗ್ರಂಥಕರ್ತನ ಕೈಯನ್ನು ತಿದ್ದಿದ ಈ ಸಂಗತಿಯನ್ನು ಕೇಳಿದ ಹುಡುಗಿಯರು ಮುಂದೆ ಪುಸ್ತಕವನ್ನು ಬೇರೊಂದು ದೃಷ್ಟಿಯಿಂದಲೇ ಹಿಡಿಯುವರು. ಪ್ರೌಢ ತರಗತಿಗಳಲ್ಲಿ 1847ರ ‘ಜೇನ್ ಏರ್’ ಜೊತೆಗೆ, ಅದರಲ್ಲಿ ಅಟ್ಟದ ಕೋಣೆಯಲ್ಲಿ ಸೆರೆಯಾದ ಹೆಂಡತಿಯ ಪಕ್ಷವನ್ನು ಹಿಡಿದು ಜೀನ್ ರೀಸ್ 1966ರಲ್ಲಿ ಬರೆದ ಕಾದಂಬರಿಯನ್ನೂ ಓದಿಸಬಹುದು.

ವರ್ಷದ ಕೊನೆಗೆ ಒಂದು ರಸಗವಳ ಉಳಿದಿದೆ. ಪಿಪ್ಪನೂ ಎಸ್ಟೆಲ್ಲಳೂ ಅಗಲಿಯೇ ಹೋಗುವಂತೆ ಡಿಕನ್ಸನು ಮೊದಲು ಮುಕ್ತಾಯವನ್ನು ಬರೆದಿದ್ದನು. ಮಿತ್ರನಾದ ಬುಲ್ವರ್ ಲಿಟ್ಟನ್ನನ ಸಲಹೆಯಂತೆ ಅದನ್ನು ಬದಲಿಸಿ, ಇಬ್ಬರೂ ಕೈಹಿಡಿದು ಪಾಳುತೋಟದಿಂದ ಹೊರಬರುವಂತೆ ಮಾಡಿದನು. ಹಳೆಯ ಮುಕ್ತಾಯವು ಫಾರ್‌ಸ್ಟರನು ಬರೆದ ಜೀವನಚರಿತ್ರೆಯ ಮೂಲಕ 1874ರಲ್ಲಿ ಬೆಳಕಿಗೆ ಬಂದಿತು. ಎರಡನ್ನೂ ತರಗತಿಯಲ್ಲಿ ಓದಿ, ಯಾವುದು ಈ ಕಥೆಗೆ ತಕ್ಕದ್ದೆಂದು ಮಕ್ಕಳನ್ನೇ ಕೇಳಬೇಕು. ಹೊಸ ಮುಕ್ತಾಯದ ಕಡೆಯ ವಾಕ್ಯವನ್ನು ಕೂಡ ಡಿಕನ್ಸನು ಮುಂದಿನ ಮುದ್ರಣದಲ್ಲಿ ಮತ್ತೆ ತಿದ್ದಿದನು; ಅವರು ನಿಜವಾಗಿ ಕೂಡಿದರೋ ಇಲ್ಲವೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಲೇ ಇದ್ದಾರೆ.