ಹಿತ್ತಲ ಇಣಚಿಯ ಸುಗ್ಗಿ

ದೀಪಾವಳಿ ಕಳೆದು ರಾಗಿ ತೆನೆ ಬಾಗುವ ಹೊತ್ತಿಗೆ ರಾಮನಗರ ಸೀಮೆಯ ಬೆಳಗು ಬೇರೆಯಾಗುತ್ತದೆ. ಬಂಡೆಗಳ ನೆತ್ತಿಯ ಮಂಜು ಕರಗಿ, ಬಿಸಿಲು ತೆಂಗಿನ ಗರಿ ಮುಟ್ಟುವವರೆಗೆ ಇಣಚಿಯ ಸುಳಿವಿಲ್ಲ. ಮುಟ್ಟಿತೋ, ಕಾಂಪೌಂಡ್ ಗೋಡೆಯ ಮೇಲೆ ಮೈ ಚಪ್ಪಟೆ ಮಾಡಿಕೊಂಡು ಬಿಸಿಲು ಕಾಯಿಸುತ್ತದೆ. ಆಮೇಲೆ ಶುರು, ಚಿಪ್ ಚಿಪ್ ಚಿಪ್. ಪ್ರತಿ ಕೂಗಿಗೂ ಬಾಲ ಒಮ್ಮೆ ಕುಲುಕುತ್ತದೆ. ಹಿತ್ತಲಿಗೆ ಬೆಕ್ಕು ಬಂದದ್ದು ಮನೆಯವರಿಗಿಂತ ಮೊದಲು ಅದಕ್ಕೆ ಗೊತ್ತು.

ಶಾಲೆಯ ಪುಸ್ತಕದಲ್ಲಿ ಅಳಿಲು, ನಮ್ಮ ಹಿರಿಯರ ಬಾಯಲ್ಲಿ ಇಣಚಿ. ಬೆನ್ನ ಮೇಲಿನ ಮೂರು ಪಟ್ಟೆ ರಾಮ ಬೆರಳಾಡಿಸಿದ ಗುರುತು ಎಂಬ ಕಥೆ ರಾಮದೇವರ ಬೆಟ್ಟದ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ವಾಲ್ಮೀಕಿಯಲ್ಲಿ ಈ ಪ್ರಸಂಗ ಇಲ್ಲ. ತೆಲುಗಿನ ರಂಗನಾಥ ರಾಮಾಯಣದಲ್ಲಿದೆ. ಉತ್ತರ ಭಾರತದ ಅಳಿಲಿಗೆ ಪಟ್ಟೆ ಐದು. ಅಲ್ಲಿ ರಾಮ ಇನ್ನೆರಡು ಬೆರಳು ಹೆಚ್ಚಾಗಿ ಆಡಿಸಿದನೇನೋ!

ಹಿಮ ಬೀಳುವ ದೇಶಗಳಲ್ಲಿ ಚಳಿಗೆ ಮುಂಚೆ ಅಳಿಲುಗಳು ಕಾಯಿ ಹೂತಿಡುತ್ತವೆ, ಜನ ಮರಕ್ಕೆ ಕಾಳಿನ ಡಬ್ಬಿ ಕಟ್ಟುತ್ತಾರೆ. ಮೊಬೈಲಿನಲ್ಲಿ ಅದನ್ನು ನೋಡಿದ ಮಕ್ಕಳು ನಮ್ಮಲ್ಲೂ ಕಡಲೆಕಾಯಿ ಇಡೋಣ ಎನ್ನುತ್ತಾರೆ. ಇಡಲಿ. ಆದರೆ ನಮ್ಮ ಇಣಚಿಗೆ ಚಳಿಗಾಲದ ನಿದ್ದೆಯೂ ಇಲ್ಲ, ಬರಗಾಲವೂ ಇಲ್ಲ. ಹೊಲದಲ್ಲಿ ರಾಗಿ, ಮಾಗಡಿ ಕಡೆ ಸೊಗಡು ಬಿಡುತ್ತಿರುವ ಅವರೆ, ಹಿತ್ತಲಲ್ಲಿ ಸೀಬೆ: ಮನುಷ್ಯರಿಗೆ ಸುಗ್ಗಿಯಾದಾಗ ಅದಕ್ಕೂ ಸುಗ್ಗಿಯೇ. ನಾವಿಡುವ ಹಿಡಿ ಕಾಳು ಅದರ ಹೊಟ್ಟೆಗಿಂತ ನಮ್ಮ ಕಣ್ಣಿಗೇ ಹೆಚ್ಚು. ಹಸಿ ಕಡಲೆಕಾಯಿ, ಕಾಯಿಚೂರು, ಬಾಳೆಹಣ್ಣಿನ ತುಂಡು ಸಾಕು; ಉಪ್ಪುಖಾರದ ಕುರುಕಲು ಬೇಡ. ಕೈಯಲ್ಲಿ ಹಿಡಿದು ತಿನ್ನಿಸುವ ಉಮೇದೂ ಬೇಡ. ಅದರ ಬಾಚಿ ಹಲ್ಲು ಬೆಳೆಯುತ್ತಲೇ ಇರುತ್ತದೆ, ಕಡಿಯುವುದೇ ಅದರ ಕಸುಬು. ಅದಕ್ಕೆ ನಮ್ಮಿಂದ ನಿಜವಾಗಿ ಬೇಕಾದದ್ದು ಶಿವರಾತ್ರಿ ಕಳೆದ ಮೇಲೆ: ನೆರಳಲ್ಲಿಟ್ಟ ಮಣ್ಣಿನ ಬಟ್ಟಲು, ಅದರ ತುಂಬ ನೀರು.

ನೋಡಲು ಅದು ತಿನ್ನುವುದಕ್ಕಿಂತ ಕದಿಯುವುದು ಚೆಂದ. ಕಾಲೊರೆಸುವ ತೆಂಗಿನ ನಾರಿನ ಚಾಪೆಯಿಂದ ಎಳೆ ಎಳೆ ಕಿತ್ತು ಬಾಯಲ್ಲಿ ಉಂಡೆ ಕಟ್ಟುತ್ತದೆ, ಮೀಸೆ ಬಿಟ್ಟ ಪಾಳೇಗಾರನ ಹಾಗೆ ಗೋಡೆ ಹತ್ತುತ್ತದೆ. ಹಳೇ ದಿಂಬಿನ ಹತ್ತಿ, ನೆಲ ಒರೆಸುವ ಬಟ್ಟೆಯ ಚಿಂದಿ ಎಲ್ಲವೂ ಮರಿಗಳ ಗೂಡಿಗೆ. ಸಾಮಾನ್ಯವಾಗಿ ಎರಡು ಮೂರು ಮರಿ. ಕೆಳಗೆ ಬಿದ್ದ ಮರಿ ಕಂಡರೆ ಬೆಕ್ಕನ್ನು ದೂರವಿಟ್ಟು ನಾವೂ ದೂರ ನಿಂತರೆ, ತಾಯಿ ಬಂದು ಕಚ್ಚಿಕೊಂಡು ಹೋಗುವುದುಂಟು.

ಆದರೆ ಈ ಸೀಮೆಯಲ್ಲಿ ಗೂಡು ಎಂದರೆ ಮೊದಲು ನೆನಪಾಗುವುದು ರೇಷ್ಮೆ ಗೂಡು. ರಾಮನಗರದ ಮಾರುಕಟ್ಟೆಗೆ ಅದನ್ನು ಹೊತ್ತು ತರುವವರ ಮನೆಯಲ್ಲಿ ಇಣಚಿಗೆ ಅಂಥ ಮರ್ಯಾದೆಯಿಲ್ಲ. ಇರುವೆ, ಹಲ್ಲಿ, ಇಲಿಗಳ ಜೊತೆ ಹುಳು ತಿನ್ನುವವರ ಪಟ್ಟಿಯಲ್ಲಿ ಅದರ ಹೆಸರೂ ಇದೆ. 1980ರಲ್ಲಿ ಬಂಗಾಳದ ಕಡೆಯಿಂದ ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣ ಕರ್ನಾಟಕಕ್ಕೆ ಬಂದ ಮೇಲೆ ಹುಳುಮನೆಯ ಕಿಟಕಿಗಳಿಗೆ ಬಲೆ ಬಂತು. ನೊಣಕ್ಕೆ ಹಾಕಿದ ಬಲೆ ಇಣಚಿಗೂ ಬಾಗಿಲು ಹಾಕಿತು. ಮುಂಬಾಗಿಲಲ್ಲಿ ಮೊಮ್ಮಗಳು ಕಡಲೆಕಾಯಿ ಇಡುತ್ತಾಳೆ, ಹಿಂದೆ ಅಜ್ಜ 'ಹುಶ್' ಎನ್ನುತ್ತಾನೆ. ಎಳನೀರಿಗೆ ತೂತು ಕೊರೆದದ್ದನ್ನು ಕಂಡ ಚನ್ನಪಟ್ಟಣದ ತೋಟದವರದ್ದೂ ಅಜ್ಜನ ಪಕ್ಷವೇ. ಇಬ್ಬರನ್ನೂ ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಕನಕಪುರದಿಂದ ದಕ್ಷಿಣಕ್ಕೆ ಇಳಿದರೆ ಇದೇ ಕುಲದ ದೊಡ್ಡಣ್ಣನಿದ್ದಾನೆ. ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮದ ಸುತ್ತಿನ ಕಾಡು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಭಾಗ. ಹೊಳೆದಂಡೆಯ ಮತ್ತಿ, ಹುಣಸೆ ಮರಗಳ ಮೇಲೆ ಬೂದು ಬಣ್ಣದ ದೊಡ್ಡ ಅಳಿಲು ಬದುಕುತ್ತದೆ. ದಕ್ಷಿಣ ಭಾರತದ ಕೆಲವೇ ಕಾಡುಗಳು ಮತ್ತು ಶ್ರೀಲಂಕಾ ಬಿಟ್ಟರೆ ಅದು ಬೇರೆಲ್ಲೂ ಇಲ್ಲ. ನೆಲಕ್ಕಿಳಿಯುವುದು ಅದಕ್ಕೆ ಇಷ್ಟವಿಲ್ಲ. ಕೊಂಬೆಗೆ ಕೊಂಬೆ ತಾಗಿದ್ದರೇ ಅದರ ದಾರಿ. ಅಲ್ಲಿಗೆ ಹೋದಾಗ ಮತ್ತಿಯ ತುದಿಯಲ್ಲಿ ಉದ್ದ ಬಾಲವೊಂದು ಜೋತಾಡಿದ್ದು ಕಂಡಿತು, ಎಲೆ ಅಲುಗಿತು, ಅಷ್ಟೇ. ಹಿತ್ತಲಿನ ಅಭ್ಯಾಸದಲ್ಲಿ ಜೇಬಿಗೆ ಹಾಕಿಕೊಂಡಿದ್ದ ಕಡಲೆಕಾಯಿಯನ್ನು ಬಸ್ಸಿನಲ್ಲಿ ನಾನೇ ತಿಂದೆ.