ಗ್ರಾಮಾಂತರ ಕೌಂಟಿಯ ನ್ಯಾಯಾಲಯ ಲೇಖ್ಯಗಳು: ಅವುಗಳ ಶೋಧನೆಯ ಕ್ರಮ

ವ್ಯವಹಾರವು ಚತುಷ್ಪಾತ್ತೆಂಬುದು ಧರ್ಮಶಾಸ್ತ್ರಕಾರರ ಮತ. ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯಲ್ಲಿ ಆ ನಾಲ್ಕು ಪಾದಗಳು ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂದು ವಿವೃತವಾಗಿವೆ. ಅರ್ಥಿಯ ಬಿನ್ನಹವೇ ಭಾಷೆ, ಪ್ರತ್ಯರ್ಥಿಯ ಮರುನುಡಿಯೇ ಉತ್ತರ, ಪ್ರಮಾಣಗಳ ಉಪನ್ಯಾಸವೇ ಕ್ರಿಯೆ, ನಿರ್ಣಯವೇ ಸಾಧ್ಯಸಿದ್ಧಿ. ದೇಶಕಾಲಗಳು ಬೇರೆಯಾದರೂ ನ್ಯಾಯಸ್ಥಾನದ ಕಡತದ ಅಂಗವಿನ್ಯಾಸವು ಬಹುಮಟ್ಟಿಗೆ ಇದೇ ಆಗಿರುವುದು. ಆದುದರಿಂದ ದೂರದೇಶದ ಒಂದು ಹಳ್ಳಿಗಾಡಿನ ನ್ಯಾಯಾಲಯದಲ್ಲಿ ಪೂರ್ವಲೇಖ್ಯಗಳನ್ನು ಹುಡುಕುವ ಬಗೆಯು ಸಾಹಿತ್ಯಚರಿತ್ರೆಯ ಸಂಶೋಧಕರಿಗೂ ಅನುಪಯುಕ್ತವಾಗಲಾರದು. ಇಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಇಲಿನಾಯ್ ರಾಜ್ಯವನ್ನು ನಿದರ್ಶನವಾಗಿ ತೆಗೆದುಕೊಂಡಿದೆ.

ಇಲಿನಾಯಿಯಲ್ಲಿ ೧೦೨ ಕೌಂಟಿಗಳಿವೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತವಿಭಾಗ. ಪ್ರತಿಯೊಂದಕ್ಕೂ ಒಂದು ಮುಖ್ಯಪಟ್ಟಣ, ಅಲ್ಲಿ ಒಂದು ನ್ಯಾಯಾಲಯ ಮಂದಿರ. ಸರ್ಕಿಟ್ ನ್ಯಾಯಾಲಯದ ಲೇಖ್ಯಗಳನ್ನು ಕಾಪಾಡುವ ಹೊಣೆಯು ಪ್ರಜೆಗಳಿಂದ ಚುನಾಯಿತನಾದ ಸರ್ಕಿಟ್ ಕ್ಲಾರ್ಕ್ ಎಂಬ ಅಧಿಕಾರಿಯದು. ನ್ಯಾಯಾಧೀಶನು ತೀರ್ಪನ್ನು ಕೊಡುವವನು. ಕ್ಲಾರ್ಕನು ಬರಹವನ್ನು ಕಾಯುವವನು. ಈ ಭೇದವನ್ನರಿಯದೆ ನ್ಯಾಯಾಧೀಶನಿಗೇ ಪತ್ರ ಬರೆದವರ ಶ್ರಮವು ವ್ಯರ್ಥವಾಗುವುದುಂಟು.

ಮೊದಲನೆಯ ಪ್ರಶ್ನೆ, ಬೇಕಾದ ಲೇಖ್ಯವು ಯಾವ ನ್ಯಾಯಾಲಯದ್ದು ಎಂಬುದು. ೧೯೬೪ನೆಯ ಇಸವಿಯ ಜನವರಿಯಲ್ಲಿ ಆ ರಾಜ್ಯದ ಕೆಳಗಿನ ನ್ಯಾಯಾಲಯಗಳೆಲ್ಲವೂ ಸರ್ಕಿಟ್ ನ್ಯಾಯಾಲಯದಲ್ಲಿ ಲೀನವಾದುವು. ಅದಕ್ಕೆ ಮುಂಚೆ ಶಾಂತಿಪಾಲಕರ ನ್ಯಾಯಸ್ಥಾನಗಳೂ ಕೌಂಟಿ ನ್ಯಾಯಾಲಯಗಳೂ ಪ್ರತ್ಯೇಕವಾಗಿದ್ದುವು. ಆದಕಾರಣ ಹಳೆಯ ಮರಣಶಾಸನವನ್ನು ಅರಸುವವನು ಸರ್ಕಿಟ್ ಪುಸ್ತಕಗಳಲ್ಲಿ ಅದನ್ನು ಕಾಣದೆ ಇಲ್ಲವೆಂದು ನಿಶ್ಚಯಿಸಬಾರದು. ಕೌಂಟಿ ನ್ಯಾಯಾಲಯದ ಪುಸ್ತಕಗಳನ್ನೂ ನೋಡತಕ್ಕದ್ದು. ಇದಲ್ಲದೆ ಹಳೆಯ ಸಂಪುಟಗಳು ಎಷ್ಟೋ ಕಡೆ ನ್ಯಾಯಾಲಯದ ಮಂದಿರವನ್ನು ಬಿಟ್ಟು, ರಾಜ್ಯದ ವಿಶ್ವವಿದ್ಯಾಲಯಗಳಲ್ಲಿರುವ ಪ್ರಾಂತೀಯ ಪತ್ರಾಗಾರಗಳನ್ನು ಸೇರಿವೆ.

ಎರಡನೆಯದು ಸೂಚಿಯ ಪ್ರಶ್ನೆ. ಹಳೆಯ ಸೂಚಿಗಳು ವಿಷಯಾನುಸಾರವಾಗಿಲ್ಲ, ಅರ್ಥಿಪ್ರತ್ಯರ್ಥಿಗಳ ಹೆಸರನ್ನನುಸರಿಸಿವೆ. ಇದರಿಂದಾಗುವ ತೊಡಕಿಗೆ ಕೋಲ್ಸ್ ಕೌಂಟಿಯಲ್ಲಿ ೧೮೪೭ರಲ್ಲಿ ನಡೆದ ವ್ಯವಹಾರವೇ ಸಾಕ್ಷಿ. ಕೆಂಟಕಿಯ ರಾಬರ್ಟ್ ಮ್ಯಾಟ್ಸನ್ ಎಂಬವನು ತನ್ನ ದಾಸಿಯಾದ ಜೇನ್ ಬ್ರಯಂಟಳನ್ನೂ ಆಕೆಯ ಮಕ್ಕಳನ್ನೂ ಇಲಿನಾಯಿಯಲ್ಲಿದ್ದ ತನ್ನ ಹೊಲಮನೆಗೆ ಕರೆತಂದಿದ್ದನು. ಮರಳಿ ದಾಸ್ಯದ ನಾಡಿಗೆ ಒಯ್ದು ಮಾರಿಯಾರೆಂಬ ಭಯದಿಂದ ಆಕೆಯು ಮಕ್ಕಳೊಡನೆ ಪರರ ಆಶ್ರಯವನ್ನು ಬೇಡಿದಳು. ವೈದ್ಯನಾದ ಹೈರಮ್ ರುದರ್‌ಫರ್ಡನು ನೆರವಾದನು. ಮ್ಯಾಟ್ಸನನು ಅವನ ಮೇಲೆ ನಷ್ಟಪರಿಹಾರಕ್ಕಾಗಿ ದಾವೆ ಹೂಡಿದನು. ಮ್ಯಾಟ್ಸನನ ಪಕ್ಷದ ವಕೀಲರಲ್ಲಿ ಅಬ್ರಹಾಂ ಲಿಂಕನನೂ ಒಬ್ಬನೆಂಬುದು ಚರಿತ್ರಕಾರರನ್ನು ಇಂದಿಗೂ ಚಿಂತೆಗೀಡುಮಾಡಿರುವ ಸಂಗತಿ. ಅಕ್ಟೋಬರಿನಲ್ಲಿ ನ್ಯಾಯಾಲಯವು ಬ್ರಯಂಟ್ ಕುಟುಂಬವನ್ನು ಸ್ವತಂತ್ರವೆಂದು ಸಾರಿತು. ಈ ಪರಿಹಾರದ ದಾವೆಯಲ್ಲಿ ಕಕ್ಷಿಗಳು ಮ್ಯಾಟ್ಸನ್, ರುದರ್‌ಫರ್ಡ್ ಎಂಬಿಬ್ಬರೇ. ಯಾರ ಬಾಳು ತಕ್ಕಡಿಯಲ್ಲಿ ತೂಗುತ್ತಿದ್ದಿತೋ ಆ ಸ್ತ್ರೀಯು ಅದರಲ್ಲಿ ಕಕ್ಷಿಯಲ್ಲ. ಆದ್ದರಿಂದ ಕಕ್ಷಿಗಳ ಹೆಸರನ್ನು ಮಾತ್ರ ಹೇಳುವ ಸೂಚಿಯಲ್ಲಿ ದುರ್ಬಲರನ್ನು ಅರಸುವವನು ಪ್ರಬಲರ ಹೆಸರಿನಲ್ಲಿ ಹುಡುಕಬೇಕಾಗುವುದು.

ಮೂರನೆಯದು ಯಾಚನೆಯ ಕ್ರಮ. ಕ್ಲಾರ್ಕನು ಇಡತಕ್ಕ ಪುಸ್ತಕಗಳು ಸಾರ್ವಜನಿಕವೆಂದೂ, ಯಾರು ಬೇಕಾದರೂ ಅವನ್ನು ಶುಲ್ಕವಿಲ್ಲದೆ ಪರಿಶೀಲಿಸಬಹುದೆಂದೂ ಇಲಿನಾಯಿಯ ಶಾಸನವಿದೆ. ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವೂ ೧೯೭೮ರಲ್ಲಿ, ನ್ಯಾಯಾಲಯದ ಲೇಖ್ಯಗಳನ್ನು ನೋಡುವ ಮತ್ತು ನಕಲು ಪಡೆಯುವ ಸಾಮಾನ್ಯ ಹಕ್ಕನ್ನು ಅಂಗೀಕರಿಸಿ, ಅದು ನಿರಂಕುಶವಲ್ಲವೆಂದೂ ಹೇಳಿತು. ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕು. ಮಾಹಿತಿಸ್ವಾತಂತ್ರ್ಯದ ಶಾಸನಗಳು ಆಡಳಿತದ ಕಚೇರಿಗಳಿಗೆ ಸಂಬಂಧಪಟ್ಟುವು. ೧೯೬೬ರ ಕೇಂದ್ರಶಾಸನವು ನ್ಯಾಯಾಲಯಗಳಿಗೆ ಅನ್ವಯಿಸುವುದಿಲ್ಲ. ಭಾರತದಲ್ಲಿಯೂ ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಉಚ್ಚ ನ್ಯಾಯಾಲಯದ ದೃಢೀಕೃತ ನಕಲುಗಳನ್ನು ಆ ನ್ಯಾಯಾಲಯದ ನಿಯಮಗಳ ಮೂಲಕವೇ ಪಡೆಯಬೇಕೆಂದು ತೀರ್ಮಾನಿಸಿರುವುದು ಗಮನಾರ್ಹ.

ಯಾಚನಾಪತ್ರದಲ್ಲಿ ಕಕ್ಷಿಗಳ ಹೆಸರು, ವ್ಯವಹಾರದ ಸಂಖ್ಯೆ, ಕಾಲ, ಬೇಕಾದ ಪತ್ರದ ಸ್ವರೂಪ ಇವು ಸ್ಪಷ್ಟವಾಗಿರಬೇಕು. ಕ್ಲಾರ್ಕನ ಕಚೇರಿಯವರೇ ಹುಡುಕುವುದಾದರೆ ವರ್ಷವೊಂದಕ್ಕೆ ಇಷ್ಟೆಂದು ಶುಲ್ಕ ಬೀಳುವುದರಿಂದ ಕಾಲಾವಧಿಯನ್ನು ಸಂಕೋಚಗೊಳಿಸುವುದು ಜಾಣತನ. ನಕಲಿಗೂ ದೃಢೀಕರಣಕ್ಕೂ ಬೇರೆ ಬೇರೆ ಶುಲ್ಕ. ಅಧ್ಯಯನಕ್ಕೆ ಸಾದಾ ನಕಲು ಸಾಕು, ಪ್ರಮಾಣವಾಗಿ ಮಂಡಿಸುವುದಕ್ಕೆ ಮಾತ್ರ ದೃಢೀಕೃತವಾದದ್ದು ಬೇಕು. ದತ್ತುಸ್ವೀಕಾರ, ಬಾಲಾಪರಾಧ, ನ್ಯಾಯಾಲಯವು ಮುದ್ರೆಯೊತ್ತಿ ಮುಚ್ಚಿದ ಕಡತ ಇವು ಸಾಮಾನ್ಯರಿಗೆ ತೆರೆದಿರುವುದಿಲ್ಲ.

ಕಡತವೇ ನಷ್ಟವಾಗಿದ್ದರೆ ಗತಿಯೇನು? ಲಿಂಕನನ ಹಸ್ತಾಕ್ಷರದ ಆಸೆಯಿಂದ ಅವನ ಎಷ್ಟೋ ಪತ್ರಗಳನ್ನು ಸ್ಮಾರಕಸಂಗ್ರಾಹಕರು ನ್ಯಾಯಾಲಯಗಳಿಂದ ಅಪಹರಿಸಿದರು. ಆದರೂ ೧೯೮೫ರಲ್ಲಿ ಆರಂಭವಾದ ಲಿಂಕನ್ ನ್ಯಾಯಪತ್ರ ಸಂಪಾದನಕಾರ್ಯದವರು ಇಲಿನಾಯಿಯ ಕೌಂಟಿ ನ್ಯಾಯಾಲಯಗಳನ್ನು ಶೋಧಿಸಿ, ಅವನು ನಡೆಸಿದ ಐದು ಸಾವಿರಕ್ಕೂ ಹೆಚ್ಚಿನ ವ್ಯವಹಾರಗಳನ್ನು ಗುರುತಿಸಿ ೨೦೦೦ದಲ್ಲಿ ಪ್ರಕಟಿಸಿದರು. ಕಡತದ ಹಾಳೆಯು ಹೋದರೂ ದಿನವಹಿ, ತೀರ್ಪಿನ ಪುಸ್ತಕ, ಶುಲ್ಕದ ಪುಸ್ತಕ ಇವುಗಳಲ್ಲಿ ಅದರ ಛಾಯೆಯು ಉಳಿಯಬಹುದು. ತಾಳೆಯೋಲೆಯೊಂದು ನಷ್ಟವಾದರೆ ಅನ್ಯಗ್ರಂಥದಲ್ಲಿ ಉದ್ಧೃತವಾದ ಪದ್ಯದಿಂದ ಅದರ ಅಸ್ತಿತ್ವವನ್ನು ಊಹಿಸುವ ಪದ್ಧತಿಯೇ ಇದು.

ಕೊನೆಯದಾಗಿ ಒಂದು ವಿವೇಕ. ಭಾಷಾಪಾದದಲ್ಲಿ ಬರೆದುದೆಲ್ಲವೂ ಸತ್ಯವಲ್ಲ. ಅದು ಒಬ್ಬನ ಆರೋಪಮಾತ್ರ. ಉತ್ತರವನ್ನೂ ಕ್ರಿಯೆಯನ್ನೂ ಸಾಧ್ಯಸಿದ್ಧಿಯನ್ನೂ ಕೂಡಿಸಿ ಓದಿದವನಿಗೇ ಅರ್ಥವು ಸಮಗ್ರವಾಗಿ ತಿಳಿಯುವುದು. ಕಾವ್ಯವನ್ನೂ ಶಾಸನವನ್ನೂ ಬರೆಯಿಸುವ ಶಕ್ತಿಯಿಲ್ಲದ ಜನರ ಹೆಸರು ಲೋಕದಲ್ಲಿ ಉಳಿದಿದ್ದರೆ, ಅನೇಕವೇಳೆ ಅದು ಇಂತಹ ಕಡತಗಳ ಧೂಳಿನಲ್ಲಿಯೇ. ಆ ಧೂಳನ್ನು ಕೊಡಹಿ ಓದುವುದು ಪಂಡಿತರ ಗೌರವಕ್ಕೆ ಕುಂದಲ್ಲ. ಅದು ಅವರ ಕರ್ತವ್ಯದ ಒಂದು ಭಾಗ.