ಕೃಷಿ ತ್ಯಾಜ್ಯ ಬೆರೆತ ಇಟ್ಟಿಗೆ: ಹೂಡಿಕೆಗೆ ಮುನ್ನ ಗಮನಿಸಬೇಕಾದ ಲೆಕ್ಕಾಚಾರ

ಪುತ್ತೂರು, ಸುಳ್ಯ ಹಾಗೂ ಕಡಬ ತಾಲೂಕುಗಳು ಕೆಂಪುಕಲ್ಲಿನ ಮನೆಗಳ ಪ್ರದೇಶ. ಆದರೂ ಸುಟ್ಟ ಮಣ್ಣಿನ ಉದ್ದಿಮೆ ನಮ್ಮ ಜಿಲ್ಲೆಗೆ ಹೊಸತಲ್ಲ. ಬಾಸೆಲ್ ಮಿಷನ್ 1865ರಲ್ಲಿಯೇ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತ್ತು. ಚಾಲಿ ಸುಲಿದುಳಿದ ಅಡಿಕೆ ಸಿಪ್ಪೆ, ತೆಂಗಿನ ನಾರಿನ ಪುಡಿ, ಕುಚ್ಚಲಕ್ಕಿ ಮಿಲ್ಲುಗಳ ಉಮಿಬೂದಿ ಇವುಗಳನ್ನು ಮಣ್ಣಿಗೆ ಬೆರೆಸಿ ಗಟ್ಟಿ ಇಟ್ಟಿಗೆ ತಯಾರಿಸಬಹುದೇ ಎಂಬುದನ್ನು ಬಂಡವಾಳ ಹೂಡುವ ಮುನ್ನ ಪರಿಶೀಲಿಸುವುದು ಉಚಿತ.

ಸಿಪ್ಪೆ ಬೇರೆ, ಬೂದಿ ಬೇರೆ

ಹಸಿ ಇಟ್ಟಿಗೆಯಲ್ಲಿರುವ ಸಿಪ್ಪೆ ಅಥವಾ ಉಮಿ ಗೂಡಿನಲ್ಲಿ ತಾನೇ ಉರಿಯುತ್ತದೆ. ಇದರಿಂದ ಸೌದೆ ಉಳಿಯುತ್ತದೆ, ಇಟ್ಟಿಗೆ ಹಗುರವಾಗುತ್ತದೆ. ಆದರೆ ಅದು ಉರಿದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುವುದರಿಂದ ಪ್ರಮಾಣ ಹೆಚ್ಚಿದಂತೆ ಬಲ ಕುಗ್ಗಿ, ನೀರು ಹೀರುವ ಗುಣ ಹೆಚ್ಚುತ್ತದೆ. ಉಮಿಬೂದಿಯ ಬಹುಪಾಲು ಸಿಲಿಕಾ. ನುಣ್ಣಗಿನ ಬೂದಿಯನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿ, ಸಾಕಷ್ಟು ಶಾಖದಲ್ಲಿ ಸುಟ್ಟರೆ ಕೆಲವು ಮಣ್ಣುಗಳಲ್ಲಿ ಬಲ ವೃದ್ಧಿಯಾಗುವುದುಂಟು. ಆದುದರಿಂದ ‘ತ್ಯಾಜ್ಯ ಬೆರೆಸಿದರೆ ಇಟ್ಟಿಗೆ ಗಟ್ಟಿ’ ಎಂಬುದು ಎಲ್ಲ ಮಣ್ಣಿಗೂ ಅನ್ವಯಿಸುವ ಸೂತ್ರವಲ್ಲ.

ಭಾರತೀಯ ಮಾನಕ 1077ರ ಪ್ರಕಾರ ಕನಿಷ್ಠ ದರ್ಜೆಯ ಇಟ್ಟಿಗೆಯೂ ಪ್ರತಿ ಚದರ ಮಿ.ಮೀ.ಗೆ 3.5 ನ್ಯೂಟನ್ ಒತ್ತಡ ತಾಳಬೇಕು. 12.5ರ ದರ್ಜೆಯವರೆಗಿನ ಇಟ್ಟಿಗೆಗಳು 24 ಗಂಟೆ ನೀರಿನಲ್ಲಿದ್ದಾಗ ತಮ್ಮ ತೂಕದ ಶೇ. 20ಕ್ಕಿಂತ ಹೆಚ್ಚು ನೀರು ಹೀರಬಾರದು. ನಮ್ಮಂತಹ ಅಧಿಕ ಮಳೆಯ ಪ್ರದೇಶದಲ್ಲಿ ಈ ಎರಡನೆಯ ಪರೀಕ್ಷೆಯೇ ನಿರ್ಣಾಯಕ.

ಉಳಿತಾಯವೋ, ನಷ್ಟವೋ?

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. 10,000 ಇಟ್ಟಿಗೆಗಳಿಗೆ ರೂ. 60,000 ವೆಚ್ಚವಾಗಿ 800 ಒಡೆದರೆ, ಉಳಿದ 9,200ರಲ್ಲಿ ಒಂದರ ಅಸಲು ರೂ. 6.52. ಸಿಪ್ಪೆ ಬೆರೆಸಿದ್ದರಿಂದ ವೆಚ್ಚ ರೂ. 57,000ಕ್ಕೆ ಇಳಿದು, ಒಡೆದವು 1,500ಕ್ಕೆ ಏರಿದರೆ ಅಸಲು ರೂ. 6.71 ಆಗುತ್ತದೆ. ಸೌದೆಯ ಖಾತೆಯಲ್ಲಿ ಕಂಡ ರೂ. 3,000 ಉಳಿತಾಯ ಅಂತಿಮವಾಗಿ ನಷ್ಟವೇ ಸರಿ. ಸಿಪ್ಪೆಯನ್ನು ಒಣಗಿಸಿ ಪುಡಿಮಾಡುವ ಕೂಲಿ, ಸಾಗಾಟ ಹಾಗೂ ಮಳೆಗಾಲದ ದಾಸ್ತಾನು ವೆಚ್ಚವನ್ನೂ ಅಸಲಿಗೆ ಸೇರಿಸತಕ್ಕದ್ದು.

ತೆರಿಗೆ ಮತ್ತು ನಿಯಮ

2022ರ ಏಪ್ರಿಲ್ 1ರಂದು ಜಾರಿಗೆ ಬಂದ ವ್ಯವಸ್ಥೆಯು ಮಣ್ಣಿನ ಇಟ್ಟಿಗೆಗೆ ಎರಡು ಆಯ್ಕೆ ನೀಡಿತು: ಇನ್‌ಪುಟ್ ತೆರಿಗೆ ಜಮೆ ಪಡೆಯದೆ ಶೇ. 6, ಪಡೆದರೆ ಶೇ. 12. ನೋಂದಣಿಯ ವಹಿವಾಟು ಮಿತಿಯನ್ನು ರೂ. 20 ಲಕ್ಷಕ್ಕೆ ನಿಗದಿಪಡಿಸಲಾಯಿತು. ಕೃಷಿಕರಿಂದ ಕೊಳ್ಳುವ ಸಿಪ್ಪೆಗೆ ಸಾಮಾನ್ಯವಾಗಿ ತೆರಿಗೆ ಇರದ ಕಾರಣ ಜಮೆಯೂ ದೊರೆಯದು. ಆದ್ದರಿಂದ ಮನೆ ಕಟ್ಟುವವರಿಗೆ ನೇರವಾಗಿ ಮಾರುವ ಸಣ್ಣ ಘಟಕಕ್ಕೆ ಮೊದಲನೆಯದು ಅನುಕೂಲ. ದೊಡ್ಡ ಯಂತ್ರ ಖರೀದಿಸುವ ವರ್ಷ ಎರಡನ್ನೂ ಹೋಲಿಸಿ ನಿರ್ಧರಿಸಬೇಕು. ದರಗಳು ಪರಿಷ್ಕರಣೆಗೆ ಒಳಪಡುವುದರಿಂದ ಬಿಲ್ಲಿನ ದಿನಾಂಕದಂದು ಜಾರಿಯಲ್ಲಿರುವ ಅಧಿಸೂಚನೆಯನ್ನು ನೋಡಿಕೊಳ್ಳುವುದು ಕ್ಷೇಮ. ಕೇಂದ್ರ ಪರಿಸರ ಸಚಿವಾಲಯದ 2022ರ ಫೆಬ್ರವರಿ 22ರ ಅಧಿಸೂಚನೆಯು ಇಟ್ಟಿಗೆ ಗೂಡುಗಳಿಗೆ ಕೃಷಿ ತ್ಯಾಜ್ಯವನ್ನು ಇಂಧನವಾಗಿ ಮಾನ್ಯಮಾಡಿ, ಟಯರು, ಪ್ಲಾಸ್ಟಿಕ್ ಸುಡುವುದನ್ನು ನಿಷೇಧಿಸಿದೆ.

ಆಸಕ್ತ ಉದ್ದಿಮೆದಾರರು ಮೊದಲು ಒಂದೇ ಮಣ್ಣಿನಿಂದ ತ್ಯಾಜ್ಯರಹಿತ ಇಟ್ಟಿಗೆಯನ್ನೂ ಬೇರೆ ಬೇರೆ ಪ್ರಮಾಣದ ಮಿಶ್ರಣಗಳನ್ನೂ ತಯಾರಿಸಿ, ಒಟ್ಟಿಗೆ ಸುಟ್ಟು, ಪ್ರಯೋಗಾಲಯದ ವರದಿ ಪಡೆಯಲಿ. ಆ ವರದಿ ಮತ್ತು ಒಡೆಯದೆ ಉಳಿದ ಇಟ್ಟಿಗೆಯ ಅಸಲು, ಇವೆರಡೂ ಅನುಕೂಲಕರವಾಗಿದ್ದಲ್ಲಿ ಮಾತ್ರ ಬ್ಯಾಂಕ್ ಸಾಲಕ್ಕೆ ಅರ್ಜಿ ಸಲ್ಲಿಸುವುದು ವಿವೇಕಯುತ.